ಕಿಟಕಿ ಪಕ್ಕದ ಮೂರನೇ ಡೆಸ್ಕು

ಪಟ್ಟಾಭಿರಾಮರು ಹಾಜರಿ ಕೂಗುವಾಗ ಮೂವತ್ತೊಂದನೇ ಸಂಖ್ಯೆಯ ಹತ್ತಿರ ಒಂದು ಕ್ಷಣ ನಿಲ್ಲುತ್ತಿದ್ದರು. ಮೂವತ್ತರವರೆಗೆ ಒಂದೇ ವೇಗ. ಆಮೇಲೆ ಪೆನ್ನು ಎತ್ತಿ, ಕಿಟಕಿಯ ಕಡೆ ನೋಡಿ, ಮತ್ತೆ ಮೂವತ್ತೊಂದು. ಎರಡು ಸೆಕೆಂಡಿಗಿಂತ ಹೆಚ್ಚಿರಲಿಲ್ಲ. 1995ರ ಜೂನ್‌ನಿಂದ 2002ರ ಡಿಸೆಂಬರ್‌ವರೆಗೆ, ಏಳೂವರೆ ವರ್ಷ, ಶಾಲೆ ಇದ್ದ ಪ್ರತಿ ಬೆಳಿಗ್ಗೆ ಹೀಗೇ ಆಯಿತು. ತಾವು ಹಾಗೆ ನಿಲ್ಲುತ್ತೇವೆಂಬುದು ಅವರಿಗೆ ಗೊತ್ತಿರಲಿಲ್ಲ. ಮಕ್ಕಳಿಗೆ ಗೊತ್ತಿತ್ತು.

ಹೊಳೇನರಸೀಪುರದಲ್ಲಿ ದೇವಸ್ಥಾನದ ಹಿಂದಿನ ಬೀದಿಯಲ್ಲಿ ಅವರ ಮನೆ. ತಾತ ದೇವಸ್ಥಾನದ ಪರಿಚಾರಕರು, ತಂದೆ ಪ್ರೈಮರಿ ಶಾಲೆಯ ಮೇಷ್ಟ್ರು. ಪಟ್ಟಾಭಿರಾಮರು ಹಾಸನದಲ್ಲಿ ಬಿ.ಎಸ್ಸಿ. ಮುಗಿಸಿ, ಮೈಸೂರಿನಲ್ಲಿ ಬಿ.ಎಡ್. ಮಾಡಿ, 1991ರಲ್ಲಿ ಹಳೇಕೋಟೆಯಿಂದ ನಾಲ್ಕು ಕಿಲೋಮೀಟರ್ ಒಳಗಿರುವ ಒಂದು ಊರಿನ ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಬಂದರು. ಆಗ ಅವರಿಗೆ ಇಪ್ಪತ್ತಾರು ವರ್ಷ. ಹಳೇಕೋಟೆಯವರೆಗೆ ಬಸ್ಸು, ಅಲ್ಲಿಂದ ಸೈಕಲ್ಲು. ಪ್ರಯೋಗಾಲಯವೆಂದರೆ ತರಗತಿಯ ಹಿಂಭಾಗದ ಒಂದು ಮೇಜು, ಒಂದು ಮರದ ಅಲ್ಮೇರ. ಅದರೊಳಗಿನ ಪ್ರತಿ ಸೀಸೆಗೂ ತಮ್ಮ ಕೈಯಾರೆ ಚೀಟಿ ಅಂಟಿಸಿದ್ದರು. ಮಸೂರಗಳನ್ನು ಹಳೆಯ ಪಂಚೆಯ ತುಂಡುಗಳಲ್ಲಿ ಸುತ್ತಿ, ಯಾವುದರ ಸಂಗಮದೂರ ಎಷ್ಟು ಎಂದು ಬಟ್ಟೆಯ ಮೇಲೆ ಬರೆದಿಟ್ಟಿದ್ದರು.

ಆ ಕಾಲದಲ್ಲಿ ಆ ಶಾಲೆಯ ಹಾಜರಿ ಪುಸ್ತಕದಲ್ಲಿ ಎರಡು ಬಣ್ಣದ ಶಾಯಿ ಇರುತ್ತಿತ್ತು. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳ ಹೆಸರು ಕೆಂಪು, ಉಳಿದವರದು ನೀಲಿ. ಯಾರನ್ನೂ ಅವಮಾನಿಸಲು ಮಾಡಿದ್ದಲ್ಲ. ವಿದ್ಯಾರ್ಥಿವೇತನದ ಪಟ್ಟಿಯನ್ನೋ ತಿಂಗಳ ಅಂಕಿಅಂಶವನ್ನೋ ಕಳಿಸುವಾಗ ಲೆಕ್ಕ ತೆಗೆಯುವುದು ಸುಲಭವಾಗಲಿ ಎಂದು ಯಾರೋ ಹಳಬರು ಹಾಕಿಕೊಟ್ಟ ರೂಢಿ. ಪುಸ್ತಕ ಮೇಷ್ಟ್ರ ಕೈಯಲ್ಲೇ ಇರುತ್ತಿದ್ದುದರಿಂದ ಮಕ್ಕಳು ಅದನ್ನು ನೋಡುತ್ತಿರಲಿಲ್ಲ.

ಪಟ್ಟಾಭಿರಾಮರನ್ನು ಕಾಡುತ್ತಿದ್ದದ್ದು ಬೇರೆ. ಮಕ್ಕಳು ಊರಿನಲ್ಲಿ ಯಾವ ಬೀದಿಯವರೋ ತರಗತಿಯಲ್ಲೂ ಅದೇ ಬೀದಿಯವರ ಪಕ್ಕದಲ್ಲೇ ಕೂರುತ್ತಿದ್ದರು. ಎಂಟನೇ ತರಗತಿಗೆ ಬಂದ ದಿನ ಕೂತ ಜಾಗ ಹತ್ತನೇ ತರಗತಿ ಮುಗಿಯುವವರೆಗೂ ಬದಲಾಗುತ್ತಿರಲಿಲ್ಲ. ಮೂರು ವರ್ಷ ಒಂದೇ ಕೋಣೆಯಲ್ಲಿದ್ದು ಒಬ್ಬರ ಜೊತೆ ಒಬ್ಬರು ಮಾತೇ ಆಡದೆ ಹೋದವರಿದ್ದರು. 1994ರ ಜುಲೈನಲ್ಲಿ ಅವರು ಒಂದು ಯೋಜನೆ ಮಾಡಿದರು. ಒಂದು ಮಸೂರ, ಒಂದು ಪರದೆ, ಒಂದು ಮೇಣದ ಬತ್ತಿ ಇಬ್ಬರಿಗೆ. ಆ ಇಬ್ಬರಲ್ಲಿ ಒಬ್ಬರು ಪರಿಶಿಷ್ಟರ ಕಾಲೋನಿಯವರಾದರೆ ಇನ್ನೊಬ್ಬರು ಊರವರು. ವರ್ಷವಿಡೀ ಪ್ರಯೋಗಕ್ಕೂ ಪಾಠಕ್ಕೂ ಅದೇ ಜೋಡಿ, ಅದೇ ಡೆಸ್ಕು. ಒಬ್ಬ ಬತ್ತಿ ಹಿಡಿದರೆ ಇನ್ನೊಬ್ಬ ಪರದೆ ಸರಿಸಬೇಕು. ಮಾತಾಡದೆ ಆ ಕೆಲಸ ಆಗುವುದಿಲ್ಲ.

ಹೆಡ್‌ಮೇಷ್ಟ್ರು ಚನ್ನಬಸವಯ್ಯನವರಿಗೆ ಹೇಳಿದಾಗ ಅವರು ನಕ್ಕು, "ಮಾಡಿ ಸ್ವಾಮಿ. ಮೇಲಿಂದ ಪತ್ರ ಬಂದ್ರೆ ನೀವೇ ಉತ್ತರ ಬರೀಬೇಕು, ಅಷ್ಟೇ" ಅಂದರು.

ಒಂಬತ್ತನೇ ತರಗತಿಯಲ್ಲಿ ಒಂದು ಜೋಡಿಯನ್ನು ಮಾತ್ರ ಯೋಚಿಸದೆ ಬರೆಯಬಹುದಿತ್ತು. ಮುರಳೀಕೃಷ್ಣ ಮತ್ತು ದಿಲೀಪ್. ಅವರಿಬ್ಬರೂ ಆಗಲೇ ಬಿಡಿಸಲಾಗದ ಗೆಳೆಯರು. ಮುರಳಿಯ ತಂದೆ ದ್ಯಾವಯ್ಯ ನಾಲೆಯಲ್ಲಿ ನೀರು ಬಿಡುವ, ತೂಬು ನೋಡಿಕೊಳ್ಳುವ ಸೌಡಿ. ಗೊರೂರಿನಿಂದ ಈ ಕಡೆಯ ಕವಲು ನಾಲೆಗೆ ಹಾಕಿದ್ದರು. ಮುರಳೀಕೃಷ್ಣ ಎಂಬ ಹೆಸರು ಗೊರೂರಿನ ಕ್ವಾರ್ಟರ್ಸ್‌ನಲ್ಲಿದ್ದ ಒಬ್ಬ ಎಂಜಿನಿಯರ ಹೆಂಡತಿ ಇಟ್ಟಿದ್ದು. ತಾಯಿಯಿಲ್ಲದ ಹುಡುಗ. ಅಪ್ಪ ಮಗ ಇಬ್ಬರೂ ದಿಲೀಪನ ತಂದೆ ಪುಟ್ಟರಾಜುವಿನ ಮನೆಯ ಪಕ್ಕದ ಕೋಣೆಯಲ್ಲಿದ್ದರು. ಯಾವ ಜನ ಎಂದು ಕೇಳಿದವರಿಗೆ ದ್ಯಾವಯ್ಯ, "ಅರಕಲಗೂಡು ಕಡೆಯವರು" ಅಂದು ಮಾತು ಮುಗಿಸಿದ್ದ. ತಮ್ಮ ಹಾಗೇ ಗೌಡರ ಪೈಕಿ ಇರಬೇಕೆಂದು ಪುಟ್ಟರಾಜುವಿನ ಮನೆಯವರು ತಮ್ಮಷ್ಟಕ್ಕೆ ತಾವೇ ಅಂದುಕೊಂಡರು. ದಿಲೀಪನ ತಾಯಿ ಕಾಮಾಕ್ಷಮ್ಮ ರಾತ್ರಿಯ ಮುದ್ದೆಯನ್ನು ಇಬ್ಬರು ಹುಡುಗರಿಗೂ ಅಡುಗೆಮನೆಯಲ್ಲೇ ಬಡಿಸುತ್ತಿದ್ದಳು. ದಿಲೀಪನ ತಂಗಿ ರೂಪಶ್ರೀಗೆ ಆಗ ಆರು ವರ್ಷ. ಸಂಜೆ ಮುರಳಿಯ ಹೆಗಲೇರಿ ಕೂತರೆ ಇಳಿಯುತ್ತಿರಲಿಲ್ಲ.

ಪಟ್ಟಾಭಿರಾಮರು ಒಂದು ದೊಡ್ಡ ಹಾಳೆ ತಂದು, ಅಡಿಕೋಲು ಇಟ್ಟು ಗೆರೆ ಎಳೆದು, ಹಾಜರಿ ಪುಸ್ತಕ ಪಕ್ಕದಲ್ಲಿ ಬಿಚ್ಚಿಟ್ಟುಕೊಂಡು ಇಪ್ಪತ್ತಮೂರು ಜೋಡಿಗಳನ್ನು ಸ್ಕೆಚ್ ಪೆನ್ನಿನಲ್ಲಿ ಬರೆದರು. ಗುರುವಾರ ಬೆಳಿಗ್ಗೆ ಅದನ್ನು ಕರಿಹಲಗೆಯ ಪಕ್ಕದ ಗೋಡೆಗೆ ಅಂಟಿಸಿದರು.

ಪುಸ್ತಕದಲ್ಲಿ ಕೆಂಪಾಗಿದ್ದ ಹೆಸರನ್ನು ಅವರು ಹಾಳೆಯ ಮೇಲೂ ಕೆಂಪಾಗಿ ಬರೆದಿದ್ದರು. ನೀಲಿಯದನ್ನು ನೀಲಿಯಾಗಿ. ಮೂರು ವರ್ಷದಿಂದ ಕೈಗೆ ಆದ ಅಭ್ಯಾಸ. ಕಣ್ಣಿಗೆ ಬಣ್ಣವೇ ಕಾಣಲಿಲ್ಲ, ಗೆರೆಗಳು ನೇರವಾಗಿವೆಯೇ ಎಂಬುದಷ್ಟೇ ಕಂಡಿತು.

ಮಕ್ಕಳು ಓದಿದರು. ಕೆಂಪು ಯಾರದೆಂದು ಉಳಿದ ಹೆಸರುಗಳನ್ನು ನೋಡಿದರೆ ಯಾವ ಮಗುವಿಗಾದರೂ ತಿಳಿಯುತ್ತಿತ್ತು. ಮುರಳಿಯ ಹೆಸರೊಂದೇ ಮಕ್ಕಳು ನಿರೀಕ್ಷಿಸದ ಬಣ್ಣದಲ್ಲಿತ್ತು. ಕಿಟಕಿ ಪಕ್ಕದ ಮೂರನೇ ಡೆಸ್ಕಿನಲ್ಲಿ ದಿಲೀಪ ಮತ್ತು ಮುರಳಿ ಆ ದಿನ ಮಸೂರದ ಪ್ರಯೋಗ ಮಾಡಿದರು. ಮುರಳಿ ಅಳತೆಯನ್ನು ಅರ್ಧ ಮಿಲಿಮೀಟರ್ ತಪ್ಪದಂತೆ ಓದಿ ಹೇಳಿದ. ದಿಲೀಪ ಬರೆದುಕೊಂಡ. ಬೇರೆ ಮಾತು ಆಡಲಿಲ್ಲ. ಎಲ್ಲರೂ ಮೌನವಾಗಿ ಕೆಲಸ ಮಾಡುತ್ತಿದ್ದಾರೆಂದು ಪಟ್ಟಾಭಿರಾಮರಿಗೆ ಸಂತೋಷವಾಯಿತು. ಸೋಮವಾರ ಮುರಳಿಯ ಮೂವತ್ತೊಂದನೇ ಸಂಖ್ಯೆ ಕೂಗಿದಾಗ ಉತ್ತರ ಬರಲಿಲ್ಲ.

ಮಂಗಳವಾರವೂ ಬರಲಿಲ್ಲ. ಬುಧವಾರ ದಿಲೀಪನನ್ನು ಕೇಳಿದರು. ಅವನು ಗೋಡೆಯ ಕಡೆ ನೋಡಿದ. ಆಗ ಪಟ್ಟಾಭಿರಾಮರೂ ಗೋಡೆಯ ಕಡೆ ನೋಡಿದರು. ಹಾಳೆಯನ್ನು ಅವರು ಆ ಕ್ಷಣವೇ ಕಿತ್ತು, ಸುರುಳಿ ಸುತ್ತಿ ಅಲ್ಮೇರದ ಮೇಲಿಟ್ಟರು, ಆದರೆ ಅದು ಅಲ್ಲಿ ಆರು ದಿನ ಇತ್ತು.

ಅಂದು ಸಂಜೆಯೇ ಪುಟ್ಟರಾಜುವಿನ ಮನೆಗೆ ಹೋದರು. ಪಕ್ಕದ ಕೋಣೆಯ ಬಾಗಿಲು ತೆರೆದಿತ್ತು, ಒಳಗೆ ಏನೂ ಇರಲಿಲ್ಲ. ಕಾಮಾಕ್ಷಮ್ಮ ಜಗುಲಿಯ ಕಂಬಕ್ಕೆ ಒರಗಿ ನಿಂತೇ ಮಾತಾಡಿದಳು.

"ನಾನೇನ್ ಬೈಲಿಲ್ಲ ಸಾಮಿ. ಒಂದ್ ಮಾತೂ ಅನ್ಲಿಲ್ಲ. ತಟ್ಟೆ ಮಾತ್ರ ಇಲ್ಲಿ, ಈ ಜಗುಲಿ ಮ್ಯಾಲೆ ಇಟ್ಟೆ. ಒಳೀಕೆ ಬಂದೋನು ತಟ್ಟೆ ಇಲ್ದೇ ಇರಾದ್ ನೋಡ್ದ. ಆಚ್ಗೆ ಬಂದ. ಕೂತ್ಕಂಡ. ಮುದ್ದೆ ಹಾಕಾಕ್ ಮುಂಚೇನೇ ಎದ್ ಬುಟ್ಟ. ಬರೀ ತಟ್ಟೇನ ತೊಳ್ದು, ಬೋರಲಾಕಿ ಓದ."

"ಅವನ ಅಪ್ಪ ಏನೆಂದ?"

"ಬೆಳಗಾಗಾಕಿಲ್ಲ, ಗಂಟು ಕಟ್ಕಂಡ್ ಓಗೇ ಬುಟ್ಟವ್ರೆ. ಬಾಡಿಗೆ ಮಡಗೋಗವ್ನೆ ಹೊಸಲ ಮ್ಯಾಲೆ, ಚಿಲ್ರೆ ಸಮೇತ."

ಪಟ್ಟಾಭಿರಾಮರು ಏನೋ ಹೇಳಲು ಬಾಯಿ ತೆರೆದರು. ಎರಡು ವರ್ಷ ಆ ಮಗುವಿಗೆ ಅಡುಗೆಮನೆಯಲ್ಲಿ ಊಟ ಹಾಕಿ, ಒಂದೇ ದಿನದಲ್ಲಿ ಹೀಗೆ ಮಾಡಬಹುದೇ ಎಂಬಂಥ ಮಾತು. ಕಾಮಾಕ್ಷಮ್ಮ ಅದನ್ನು ಅವರ ಮುಖದಲ್ಲೇ ಓದಿದಳು.

"ಪರೀಕ್ಷೆ ಟೇಮ್ನಲ್ಲಿ ನಮ್ ದಿಲೀಪ ನಿಮ್ಮನೇಗೆ ಬತ್ತಿದ್ನಲ್ಲ ಸಾಮಿ, ಲೆಕ್ಕ ಹೇಳಿಸ್ಕಳಾಕೆ. ಅವ್ನಿಗ್ ನೀರ್ ಕೊಡೋ ಚೊಂಬು ನಿಮ್ಮನೇಲಿ ಎಲ್ಲಿ ಮಡಗಿರ್ತಾರೆ?"

ಅದು ಪಡಸಾಲೆಯ ಗೂಡಿನಲ್ಲಿರುತ್ತಿತ್ತು. ಹುಡುಗರು ತಾವೇ ಕುಡಿದು ತೊಳೆದಿಡುವ ಹಿತ್ತಾಳೆಯ ಚೊಂಬು. ಅದು ಒಳಗೆ ಹೋದದ್ದನ್ನು ಪಟ್ಟಾಭಿರಾಮರು ಚಿಕ್ಕಂದಿನಿಂದ ಒಮ್ಮೆಯೂ ನೋಡಿರಲಿಲ್ಲ, ಅದರ ಬಗ್ಗೆ ಒಮ್ಮೆಯೂ ಯೋಚಿಸಿರಲಿಲ್ಲ. ಸೈಕಲ್ ಹತ್ತಿದರು. ಮನೆಗೆ ಬಂದವರೇ ಆ ಚೊಂಬನ್ನು ಎತ್ತಿ ಅಡುಗೆಮನೆಯ ಕೊಡದ ಮೇಲಿಟ್ಟರು. ತಾಯಿ ಗೋದಮ್ಮ ಅದನ್ನು ನೋಡಿ, "ಇದೇನೋ ಪಟ್ಟಾಭಿ?" ಅಂದರು. "ಇನ್ನು ಇಲ್ಲೇ ಇರಲಮ್ಮ" ಅಂದರು ಇವರು. ಗೋದಮ್ಮ ಮೂರು ದಿನ ಮಗನ ಜೊತೆ ಮಾತಾಡಲಿಲ್ಲ. ಚೊಂಬನ್ನು ಮಾತ್ರ ಮತ್ತೆ ಹೊರಗಿಡಲೂ ಇಲ್ಲ.

ಆಮೇಲೆ ಹುಡುಕಾಟ ಶುರುವಾಯಿತು. ಗೊರೂರಿನ ಕ್ವಾರ್ಟರ್ಸ್‌ನಲ್ಲಿ, ದ್ಯಾವಯ್ಯ ಚನ್ನರಾಯಪಟ್ಟಣದ ಕಡೆಯ ನಾಲೆಗೆ ಹಾಕಿಸಿಕೊಂಡು ಹೋದನೆಂದರು. ಚನ್ನರಾಯಪಟ್ಟಣದಲ್ಲಿ, ಬಂದಿದ್ದ, ಒಂದು ತಿಂಗಳಿಗೇ ಕೆಲಸ ಬಿಟ್ಟ ಎಂದರು. ಅರಕಲಗೂಡಿನ ಹತ್ತಿರದ ಅವನ ಊರಿನಲ್ಲಿ ಒಬ್ಬ ಮುದುಕಿ, "ನಮ್ ದ್ಯಾವನ್ನ ಕೇಳ್ತೀರಾ? ಅವ್ನು ಈ ಕಡೀಕೆ ತಲೆ ಹಾಕಿ ಮಲಗಿಲ್ಲ ಬುದ್ದಿ" ಅಂದಳು. ವರ್ಷದ ಕೊನೆಯಲ್ಲಿ ಪಟ್ಟಾಭಿರಾಮರು ಮುರಳೀಕೃಷ್ಣನ ವರ್ಗಾವಣೆ ಪತ್ರವನ್ನು ತಾವೇ ಬರೆದು, ಹೆಡ್‌ಮೇಷ್ಟ್ರ ಸಹಿ ಹಾಕಿಸಿ ಸಿದ್ಧವಾಗಿಟ್ಟರು. ಟಿ.ಸಿ. ಇಲ್ಲದೆ ಬೇರೆ ಯಾವ ಹೈಸ್ಕೂಲಿಗೂ ಅವನು ಸೇರಲಾರ. ಎಲ್ಲಿಂದಲಾದರೂ ಬಂದು ಕೇಳಲೇಬೇಕು. ಪ್ರತಿ ಜೂನ್‌ನಲ್ಲಿ ಕಡತ ತೆಗೆದಾಗ ಆ ಕಾಗದ ಅಲ್ಲೇ ಇರುತ್ತಿತ್ತು. ಅದು ಅಲ್ಲೇ ಇದ್ದರೆ ಅವನು ಎಲ್ಲೂ ಓದುತ್ತಿಲ್ಲವೆಂದು ಅರ್ಥ. ಅದಕ್ಕಿಂತ ಹೆಚ್ಚು ಅರ್ಥವನ್ನು ಅದರಿಂದ ತೆಗೆಯಬಾರದೆಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ದಸರಾ ರಜೆ, ಬೇಸಿಗೆ ರಜೆ ಬಂದಾಗ ಒಂದೆರಡು ಊರಿಗೆ ಹೋಗಿ ವಿಚಾರಿಸುವರು. ಹೋದ ಊರಿನ ಹೆಸರು, ದಿನಾಂಕ, ಮಾತಾಡಿದವರ ಹೆಸರು ಒಂದು ನೋಟ್‌ಬುಕ್ಕಿನಲ್ಲಿ ಬರೆಯುವರು. ಹಾಜರಿ ಪುಸ್ತಕವನ್ನು ಒಂದೇ ಕಪ್ಪು ಶಾಯಿಯಲ್ಲಿ ಬರೆಯತೊಡಗಿದರು, ಲೆಕ್ಕ ಬೇಕಾದಾಗ ಬೇರೆ ಹಾಳೆಯಲ್ಲಿ ತೆಗೆದರು. ಜೋಡಿಗಳನ್ನು ಬಿಡಲಿಲ್ಲ, ಆದರೆ ಈಗ ಹುಟ್ಟಿದ ದಿನಾಂಕದ ಕ್ರಮದಲ್ಲಿ ಮಾಡಿದರು. ಪಟ್ಟಿಯಲ್ಲಿ ಹಿಂದೆ ಮುಂದೆ ಬಂದವರು ಒಂದು ಜೋಡಿ. ಎಷ್ಟೋ ಜೋಡಿಗಳು ನಿಜಕ್ಕೂ ಗೆಳೆಯರಾದರು. ಕಿಟಕಿ ಪಕ್ಕದ ಮೂರನೇ ಡೆಸ್ಕಿಗೆ ಮಾತ್ರ ಯಾರನ್ನೂ ಹಾಕಲಿಲ್ಲ. ಮಳೆ ಬಂದರೆ ಎರಚಲು ಹೊಡೆಯುತ್ತದೆ ಎಂದರು. ಒಂದು ವರ್ಷ ಅದರ ಕಾಲು ಅಲ್ಲಾಡುತ್ತದೆ ಎಂದರು.

ಮಕ್ಕಳು ಇದಕ್ಕೆ ತಮ್ಮದೇ ಕಾರಣ ಹುಡುಕಿಕೊಂಡರು.

ಕಥೆ ಎಲ್ಲಿ ಹುಟ್ಟಿತೆಂದು ಆಮೇಲೆ ಗೊತ್ತಾಯಿತು. ಆರು ವರ್ಷದ ರೂಪಶ್ರೀ ಮುರಳಿ ಅಣ್ಣ ಎಲ್ಲೆಂದು ಕೇಳಿದಾಗ ಕಾಮಾಕ್ಷಮ್ಮ ಅತ್ತಳಂತೆ. ದಿನವೂ ಕೇಳಿದಾಗ ದಿಲೀಪ ಎದ್ದು ಹೊರಗೆ ಹೋದನಂತೆ. ದೊಡ್ಡವರು ಹೀಗೆ ಮಾಡುವುದು ಯಾರಾದರೂ ಸತ್ತಾಗ. ಮಗು ಪ್ರೈಮರಿ ಶಾಲೆಯಲ್ಲಿ ಗೆಳತಿಯರಿಗೆ ಹೇಳಿತು. ಅವರು ಹೈಸ್ಕೂಲಿಗೆ ಬರುವ ಹೊತ್ತಿಗೆ ಮುರಳಿ ನಾಲೆಗೆ ಬಿದ್ದಿದ್ದ, ಹೆಣ ಸಿಕ್ಕಿರಲಿಲ್ಲ, ಮೂವತ್ತೊಂದನೇ ನಂಬರು ಕೂಗಿದಾಗ ಕಿಟಕಿಯ ಹತ್ತಿರ ಯಾರೋ "ಹಾಜರ್ ಸಾ" ಅನ್ನುತ್ತಿದ್ದರು. ಅದು ಮೇಷ್ಟ್ರಿಗೆ ಮಾತ್ರ ಕೇಳುತ್ತಿತ್ತು. ಅದಕ್ಕೇ ಅವರು ಆ ಕಡೆ ನೋಡುವುದು.

ಪಟ್ಟಾಭಿರಾಮರಿಗೆ ಈ ಕಥೆ ಕಿವಿಗೆ ಬಿದ್ದಾಗ ಮೊದಲು ಸಿಟ್ಟು ಬಂತು. ಆಮೇಲೆ, ಹುಡುಗ ಬದುಕಿದ್ದಾನೆಂಬುದಕ್ಕೆ ತಮ್ಮ ಹತ್ತಿರ ಇರುವ ಪುರಾವೆ ಏನೆಂದು ಯೋಚಿಸಿದರು. ಒಂದೂ ಇರಲಿಲ್ಲ. ಅಂದಿನಿಂದ ನಾಲೆಯ ಸೇತುವೆ ಬಂದರೆ ಸೈಕಲ್ಲನ್ನು ನಿಧಾನ ಮಾಡದೆ ದಾಟತೊಡಗಿದರು.

2002ರ ಜೂನ್‌ನಲ್ಲಿ ಮಕ್ಕಳ ಸಂಖ್ಯೆ ಹೆಚ್ಚಾಯಿತು. ಒಂಬತ್ತನೇ ತರಗತಿಯಲ್ಲೇ ಹುಡುಗಿಯರು ಇಪ್ಪತ್ತೆರಡು ಮಂದಿ. ಕಿಟಕಿ ಕಡೆಯ ಸಾಲು ಈಗ ಹುಡುಗಿಯರದು, ಒಂದು ಡೆಸ್ಕನ್ನೂ ಖಾಲಿ ಬಿಡುವಂತಿರಲಿಲ್ಲ. ದಿನಾಂಕದ ಪಟ್ಟಿಯಲ್ಲಿ ಆ ಡೆಸ್ಕಿಗೆ ಬಂದವರು ಕಾಲೋನಿಯ ಸುವರ್ಣ ಮತ್ತು ದಿಲೀಪನ ತಂಗಿ ರೂಪಶ್ರೀ. ಇಬ್ಬರೂ ನಾಲ್ಕು ದಿನದ ಅಂತರದಲ್ಲಿ ಹುಟ್ಟಿದವರು.

"ನಾನಲ್ಲಿಗೆ ಬರಲ್ಲ ಸಾ" ಅಂದಳು ರೂಪಶ್ರೀ.

"ಯಾಕಮ್ಮ?"

"ಭಯ ಸಾ."

ಅವಳ ಭಯ ನಿಜವಾಗಿತ್ತು. ಅವಳು ಮುಂದಿನ ಡೆಸ್ಕಿನಲ್ಲಿ ಮೂರನೆಯವಳಾಗಿ ಮೂಲೆಯಲ್ಲಿ ತೂರಿಕೊಂಡಳು. ಬೇರೆ ಯಾರನ್ನು ಕರೆದರೂ ಭಯ ಎಂದರು. ಎಲ್ಲರ ಭಯವೂ ನಿಜವಾಗಿರಲಿಲ್ಲ. ಕೆಲವರ ಮನೆಯಲ್ಲಿ ಕಾಲೋನಿಯವರ ಪಕ್ಕ ಕೂರಬೇಡವೆಂದಿದ್ದರು, ಅವರಿಗೆ ಈ ದೆವ್ವದಿಂದ ಅನುಕೂಲವಾಯಿತು. ಸುವರ್ಣ ಒಬ್ಬಳೇ ಕೂತಳು. ಜುಲೈ ಹೋಯಿತು, ಆಗಸ್ಟ್ ಹೋಯಿತು. ಪ್ರಯೋಗದಲ್ಲಿ ಬತ್ತಿಯನ್ನೂ ಪರದೆಯನ್ನೂ ಅವಳೊಬ್ಬಳೇ ಹಿಡಿಯುತ್ತಿದ್ದಳು. ಪಟ್ಟಾಭಿರಾಮರು ಹೋಗಿ ಜೊತೆ ನಿಂತರೆ, "ನೀವ್ ಬುಡಿ ಸಾ, ನಂಗ್ ಆಯ್ತದೆ" ಅನ್ನುತ್ತಿದ್ದಳು.

ಹುಡುಗರು ಒಂದು ದಿನ ಅವಳ ಡೆಸ್ಕಿನ ಮೇಲೆ ಕುಂಕುಮ ಹಚ್ಚಿದ ನಿಂಬೆಹಣ್ಣು ಇಟ್ಟರು.

"ಸುವರ್ಣಂಗೆ ಜೋಡಿ ಸಿಕ್ಕವ್ನೆ ಕಣ್ಲಾ! ಊಟಕ್ಕೂ ಬಿಡಲ್ವಂತೆ!"

ಸುವರ್ಣ ಹಣ್ಣನ್ನು ತೆಗೆದು ಲಂಗಕ್ಕೆ ಒರೆಸಿಕೊಂಡಳು. "ಥ್ಯಾಂಕ್ಸ್ ಕಣ್ರೋ. ನಮ್ಮವ್ವ ಉಪ್ಪಿನಕಾಯಿ ಹಾಕ್ತಾಳೆ. ನಾಳೀಕೆ ಇನ್ನೆರಡು ತನ್ನಿ, ಒಂದ್ರಲ್ಲಿ ಏನಾಯ್ತದೆ?"

ತರಗತಿ ಗೊಳ್ಳೆಂದಿತು. ಆದರೆ ಅಂದು ಮಧ್ಯಾಹ್ನ ಅವಳು ಪಾಠದ ನಡುವೆ ಎರಡು ಸಲ ತಿರುಗಿ ತನ್ನ ಪಕ್ಕದ ಖಾಲಿ ಜಾಗವನ್ನು ನೋಡಿದ್ದನ್ನು ಪಟ್ಟಾಭಿರಾಮರು ಗಮನಿಸಿದರು.

ಅವರು ತಮಗೆ ಗೊತ್ತಿದ್ದ ದಾರಿ ಹಿಡಿದರು. ದೆವ್ವ ಇಲ್ಲವೆಂಬುದನ್ನು ವಿವರಿಸಿದರು. ಕಿಟಕಿಯ ಗಾಜಿನಲ್ಲಿ ಪ್ರತಿಬಿಂಬ ಹೇಗೆ ಬೀಳುತ್ತದೆ, ಗಾಳಿಗೆ ಕೀಲು ಏಕೆ ನರಳುತ್ತದೆ, ಎಲ್ಲವನ್ನೂ ಮಾಡಿ ತೋರಿಸಿದರು. ನಲವತ್ತು ನಿಮಿಷ. ಕೊನೆಯಲ್ಲಿ ರೂಪಶ್ರೀ ಎದ್ದು ನಿಂತಳು.

"ದೆವ್ವ ಇಲ್ದಿದ್ರೆ, ಮೂವತ್ತೊಂದು ಕೂಗಾವಾಗ ದಿನಾ ನೀವ್ಯಾಕ್ ಸಾ ಅಲ್ಲಿ ನೋಡ್ತೀರಾ?"

"ನಾನೆಲ್ಲಿ ನೋಡುತ್ತೇನೆ?"

"ನೋಡ್ತೀರಾ ಸಾ" ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಹೇಳಿತು. ಒಂದು ಹುಡುಗಿ ತಲೆ ಎತ್ತಿ, ಪೆನ್ನು ಹಿಡಿದು, ಅವರು ನೋಡುವ ರೀತಿಯನ್ನು ಮಾಡಿಯೂ ತೋರಿಸಿದಳು. ಯಾರೂ ನಗಲಿಲ್ಲ.

ಗದ್ದಲ ಮುಗಿದ ಮೇಲೆ ಸುವರ್ಣ ಕೂತಲ್ಲಿಂದಲೇ ಕೇಳಿದಳು. "ಆ ದೆವ್ವಕ್ಕೆ ಕೊಡಾಕೆ ನಾನೊಬ್ಳೇ ಸಿಕ್ಕಿದ್ನಾ ಸಾ ನಿಮ್ಗೆಲ್ಲಾ?"

ನವೆಂಬರ್ ಕೊನೆಯಿಂದ ಅವಳು ಬರಲಿಲ್ಲ.

ಡಿಸೆಂಬರ್ ಮೊದಲ ಸೋಮವಾರ ಅವಳ ತಾಯಿ ಜಯಲಕ್ಷ್ಮಮ್ಮ ಶಾಲೆಗೆ ಬಂದಳು. ಕೂಲಿಗೆ ಹೊರಟವಳು ದಾರಿಯಲ್ಲಿ ನಿಂತು ಬಂದಿದ್ದಳು, ಸೊಂಟದಲ್ಲಿ ಕುಡುಗೋಲಿತ್ತು.

"ಮಗೀದು ಟಿ.ಸಿ. ಬರ್ಕೊಡಿ ಸಾ. ಹಾಸನದಲ್ಲಿ ನಮ್ಮಕ್ಕನ ಮನೇಗ್ ಬುಡ್ತೀನಿ."

"ಅಲ್ಲಿ ಯಾವ ಶಾಲೆಗೆ ಸೇರಿಸುತ್ತೀಯಮ್ಮ?"

"ಓದುದ್ರೆ ಓದ್ತಾಳೆ. ಇಲ್ದಿದ್ರೆ ನಮ್ಮಕ್ಕನ ಜೊತೇಲಿ ಮನೆಗೆಲ್ಸಕ್ಕೆ ಓಯ್ತಾಳೆ. ಮಗಾ ನಿದ್ದೇಲಿ ಕೂಗ್ಕತದೆ ಸಾ. ಬಡ್ಕಂಡೆ, ಹೆದ್ರಬ್ಯಾಡ ಅಂತ. ಹೆದ್ರಿಕೆ ದೆವ್ವದ್ದಲ್ಲ ಕನವ್ವ, ಒಬ್ಳೇ ಕೂರಾದು ಅಂತು."

ಪಟ್ಟಾಭಿರಾಮರು ಟಿ.ಸಿ. ಪುಸ್ತಕ ತೆಗೆದರು. ಹೆಸರಿನ ಮೊದಲ ಅಕ್ಷರ ಬರೆದು ಪೆನ್ನು ನಿಲ್ಲಿಸಿದರು. ಕಡತದಲ್ಲಿ ಒಂದು ಆಗಲೇ ಇತ್ತು, ಇದು ಎರಡನೆಯದಾಗುತ್ತಿತ್ತು. ಮೊದಲನೆಯದಕ್ಕೆ ಆರು ದಿನ ಗೋಡೆಯ ಮೇಲಿದ್ದ ಹಾಳೆ ಕಾರಣ. ಇದಕ್ಕೆ ಎಂಟು ವರ್ಷದ ಬಾಯಿಮುಚ್ಚಿಕೊಂಡ ಬದುಕು.

"ಗುರುವಾರದವರೆಗೆ ತಡಿಯಮ್ಮ" ಅಂದರು. "ಗುರುವಾರ ಬಂದು ಕೇಳಿದರೆ ಖಂಡಿತ ಕೊಡುತ್ತೇನೆ."

ಮರುದಿನ ಬೆಳಿಗ್ಗೆ ಅಲ್ಮೇರದ ಮೇಲಿಂದ ಆ ಹಳೆಯ ಹಾಳೆಯ ಸುರುಳಿ ಇಳಿಸಿದರು. ತರಗತಿಗೆ ತೋರಿಸಿ ಎಲ್ಲ ಹೇಳುವುದೆಂದು ತೀರ್ಮಾನಿಸಿದ್ದರು. ಬಾಗಿಲವರೆಗೆ ಹೋಗಿ ನಿಂತರು. ಅದರಲ್ಲಿ ಕೆಂಪಾಗಿದ್ದವರ ತಮ್ಮ ತಂಗಿಯರು ಈಗ ಇದೇ ಕೋಣೆಯಲ್ಲಿ ಕೂತಿದ್ದರು. ಬಿಚ್ಚಿದರೆ ಅದೇ ತಪ್ಪು ಇನ್ನೊಮ್ಮೆ. ಸುರುಳಿಯನ್ನು ಹಿಂದಕ್ಕೆ ಒಯ್ದು, ಶಾಲೆಯ ಹಿತ್ತಲಿನ ನೀರು ಕಾಯಿಸುವ ಒಲೆಗೆ ಹಾಕಿ, ಪೂರ್ತಿ ಉರಿಯುವವರೆಗೆ ನಿಂತು, ಬರಿಗೈಯಲ್ಲಿ ಒಳಗೆ ಬಂದರು.

"ಮುರಳೀಕೃಷ್ಣ ನಾಲೆಗೆ ಬಿದ್ದು ಸತ್ತ ಅಂತ ಯಾರಿಗೂ ಗೊತ್ತಿಲ್ಲ" ಎಂದು ಶುರು ಮಾಡಿದರು. "ಅವನು ಯಾಕೆ ಹೋದ ಎಂಬುದು ಗೊತ್ತು. ನನಗೆ ಗೊತ್ತು."

ಶಾಯಿಯ ವಿಷಯ ಹೇಳಿದರು. ಹಾಳೆ ಹೇಗೆ ಬರೆದೆ, ಎಷ್ಟು ದಿನ ಅಂಟಿಸಿದ್ದೆ, ಯಾವ ದಿನ ಕಿತ್ತೆ ಎಂಬುದನ್ನು ಪ್ರಯೋಗದ ವರದಿ ಹೇಳುವ ಹಾಗೆ ಕ್ರಮವಾಗಿ ಹೇಳಿದರು. ಆ ರಾತ್ರಿ ಹುಡುಗನ ತಟ್ಟೆ ಜಗುಲಿಗೆ ಬಂತೆಂದರು, ಯಾವ ಮನೆಯ ಜಗುಲಿ ಎಂಬುದನ್ನು ಹೇಳಲಿಲ್ಲ. ಪಡಸಾಲೆಯ ಚೊಂಬು ಯಾರ ಮನೆಯದು ಎಂಬುದನ್ನು ಮಾತ್ರ ಹೇಳಿದರು. ಅದು ಅವರ ಸ್ವಂತದ್ದು.

"ನಾನು ಆ ಕಡೆ ನೋಡುವುದು ದೆವ್ವ ಕಂಡು ಅಲ್ಲ. ನಾನು ಓಡಿಸಿದ ಒಬ್ಬ ಹುಡುಗ ಕೂರುತ್ತಿದ್ದ ಜಾಗ ಅದು. ಈಗ ಅಲ್ಲಿಂದಲೇ ಇನ್ನೊಬ್ಬಳು ಹೊರಟಿದ್ದಾಳೆ. ಈ ಸಲ ನಾವೆಲ್ಲ ಸೇರಿ ಓಡಿಸುತ್ತಿದ್ದೇವೆ."

ನಿಂಬೆಹಣ್ಣು ಇಟ್ಟಿದ್ದ ಹುಡುಗ ಕೇಳಿದ. "ಅಂಗಾರೆ ಆ ಅಣ್ಣ ಬದುಕವ್ನಾ ಸಾ?"

"ಗೊತ್ತಿಲ್ಲ."

ಹೌದೆನ್ನಬಹುದಿತ್ತು. ಮಕ್ಕಳು ಅದನ್ನೇ ಕಾಯುತ್ತಿದ್ದರು. ಗೊತ್ತಿಲ್ಲದ್ದನ್ನು ಗೊತ್ತೆಂದು ಅವರು ಎಂದೂ ಪಾಠ ಮಾಡಿದವರಲ್ಲ.

ರೂಪಶ್ರೀ ಬಿಳಿಚಿಕೊಂಡಿದ್ದಳು. "ಅವ್ನು ನಮ್ಮನೇಲಿ ಉಣ್ತಿದ್ದಿದ್ದು" ಎಂದಳು, ಯಾರಿಗೂ ಅಲ್ಲ ಎಂಬಂತೆ. ಮಧ್ಯಾಹ್ನದ ಗಂಟೆಗೆ ಮನೆಗೆ ಹೋದವಳು ತಿರುಗಿ ಬರಲಿಲ್ಲ. ಅವಳ ಬದಲಿಗೆ ಸಂಜೆ ದಿಲೀಪ ಬಂದ. ಹಳೇಕೋಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ, ಮೀಸೆ ಬಂದಿತ್ತು. ಮೇಷ್ಟ್ರ ಮುಂದೆ ಒಂಬತ್ತನೇ ತರಗತಿಯವನ ಹಾಗೇ ಕೈಕಟ್ಟಿ ನಿಂತ.

"ತಂಗಿ ಬಂದು ಅವ್ವನ್ನ ಹಿಡ್ಕಂಡ್ಲು ಸಾ. ತಟ್ಟೆ ಆಚೆ ಇಟ್ಟಿದ್ದು ನೀನೇನಾ ಅಂತ. ಅವ್ವ ಹೂಂ ಅಂತು. ಆದ್ರೆ ಅವ್ವಂಗೆ ಹೇಳಿದ್ದು ನಾನು ಸಾ. ಮುರಳಿ ಹೆಸ್ರು ಕೆಂಪಲ್ಲಿ ಬರ್ದವ್ರೆ ಅಂತ, ತಮಾಷೆಗೆ ಹೇಳ್ದಂಗೆ ಹೇಳ್ದೆ. ಇಷ್ಟ್ ವರ್ಷ ಅವ್ನನ್ನ ಓಡ್ಸಿದ್ದು ನಾನೊಬ್ನೇ ಅಂತ ತಿಳ್ಕಂಡಿದ್ದೆ. ನೀವೂ ಅಂಗೇ ತಿಳ್ಕಂಡಿದ್ರಾ?"

"ಹೌದು ಕಣಪ್ಪ" ಅಂದರು ಪಟ್ಟಾಭಿರಾಮರು.

ಬುಧವಾರ ಶಾಲೆ ಬಿಟ್ಟ ಮೇಲೆ ಮೇಷ್ಟ್ರು ಕಾಲೋನಿಗೆ ಹೊರಟಾಗ ರೂಪಶ್ರೀ ಕರೆಯದೆ ಹಿಂದೆ ಬಂದಳು. ಸುವರ್ಣ ಮನೆಯ ಮುಂದೆ ಅವರೆಕಾಯಿ ಬಿಡಿಸುತ್ತಿದ್ದಳು. ಎದ್ದು ಮೇಷ್ಟ್ರಿಗೆ ನಮಸ್ಕರಿಸಿದಳು. ರೂ‍ಪಶ್ರೀಯನ್ನು ನೋಡಿ ಮತ್ತೆ ಕೂತಳು.

"ಏನಮ್ಮಿ, ದೆವ್ವದ್ ಭಯ ಓಯ್ತಾ?"

"ಓಗಿಲ್ಲ" ಅಂದಳು ರೂಪಶ್ರೀ. "ಜಾಸ್ತಿ ಆಗದೆ. ಅದು ನಮ್ಮನೆದೇ ಅಂತೆ."

ಸುವರ್ಣ ಬಿಡಿಸುವುದನ್ನು ನಿಲ್ಲಿಸಿದಳು. ರೂಪಶ್ರೀ ತನ್ನ ಮನೆಯ ಜಗುಲಿಯ ಕಥೆಯನ್ನು, ಬೋರಲು ಹಾಕಿದ ತಟ್ಟೆಯವರೆಗೆ, ಅಳುತ್ತ ಹೇಳಿದಳು. ಸುವರ್ಣ ಸಮಾಧಾನ ಮಾಡಲಿಲ್ಲ. ಕೇಳಿ ಮುಗಿದ ಮೇಲೆ, "ನೀನ್ ಅತ್ರೆ ನಾನ್ ಬತ್ತೀನಾ?" ಎಂದಳು.

"ಮತ್ತೇನ್ ಮಾಡ್ಲಿ? ನಾಳೆಯಿಂದ ನಾನಲ್ಲೇ ನಿನ್ ಪಕ್ಕ ಕೂರ್ತೀನಿ."

"ಆಗ ಇಬ್ರನ್ನೂ ಬುಟ್ಟು ದೂರ ಕೂರ್ತಾರೆ." ಸುವರ್ಣ ಮೇಷ್ಟ್ರ ಕಡೆ ತಿರುಗಿದಳು. "ಸಾ, ಬ್ಯಾಸರ ಮಾಡ್ಕಬ್ಯಾಡಿ. ನೀವು ಪಟ್ಟಿ ಮಾಡಿ ಗೋಡೆಗಾಕಿ ಬುಡ್ತೀರಾ, ವರ್ಷಪೂರ್ತಿ ಅದೇ. ಕೆಟ್ ಜಾಗ ಬಂದೋರ್ಗೆ ವರ್ಷಪೂರ್ತಿ ಕೆಟ್ ಜಾಗ. ವಾರಕ್ಕೊಂದ್ ಸತಿ ಎಲ್ರೂ ಜಾಗ ಬದ್ಲಾಯಿಸ್ಲಿ. ಎಲ್ರ್ ಜೊತೇಗೂ ಎಲ್ರೂ ಕೂರ್ಲಿ. ಆ ಡೆಸ್ಕಿಗೂ ಎಲ್ರೂ ಬರ್ಲಿ. ಅಂಗಾರೆ ಬತ್ತೀನಿ."

ಪಟ್ಟಾಭಿರಾಮರು ಅಂಗಳದಲ್ಲಿ ನಿಂತೇ ಲೆಕ್ಕ ಹಾಕಿದರು. ಇಪ್ಪತ್ತೆರಡು ಹುಡುಗಿಯರು. ಒಬ್ಬಳನ್ನು ಜಾಗದಲ್ಲೇ ಇಟ್ಟು ಉಳಿದವರನ್ನು ಗಡಿಯಾರದ ಮುಳ್ಳಿನ ಹಾಗೆ ಒಂದೊಂದು ಸ್ಥಾನ ಸರಿಸುತ್ತ ಹೋದರೆ, ಇಪ್ಪತ್ತೊಂದು ವಾರಕ್ಕೆ ಪ್ರತಿಯೊಬ್ಬಳೂ ಉಳಿದ ಪ್ರತಿಯೊಬ್ಬಳ ಜೊತೆ ಒಂದೊಂದು ಸಲ ಕೂತಿರುತ್ತಾಳೆ. ಡೆಸ್ಕನ್ನೂ ಜೊತೆಗೆ ಬದಲಿಸಬೇಕು. ಪರೀಕ್ಷೆಗೆ ಉಳಿದಿರುವುದು ಹದಿನಾಲ್ಕೇ ವಾರ.

"ಈ ವರ್ಷ ಎಲ್ಲ ಜೋಡಿ ಮುಗಿಯುವುದಿಲ್ಲ" ಅಂದರು. "ಏಳು ಜನ ಉಳಿದುಬಿಡುತ್ತಾರೆ ನಿನಗೆ."

"ಹತ್ತನೇ ಕ್ಲಾಸ್ ಐತಲ್ಲ ಸಾ" ಅಂದಳು ಸುವರ್ಣ.

ಗುರುವಾರ ಜಯಲಕ್ಷ್ಮಮ್ಮ ಟಿ.ಸಿ. ಕೇಳಲು ಬರಲಿಲ್ಲ. ಸುವರ್ಣ ಬಂದಳು. ಮೊದಲ ವಾರ ಕಿಟಕಿ ಪಕ್ಕದ ಡೆಸ್ಕಿಗೆ ಬಂದ ಇಬ್ಬರು ಹುಡುಗಿಯರು ಕಣ್ಣು ಮುಚ್ಚಿಕೊಂಡು ಕೂತರು, ಶುಕ್ರವಾರದ ಹೊತ್ತಿಗೆ ಅಲ್ಲೇ ಜಗಳವಾಡಿದರು. ಇಬ್ಬರು ತಂದೆಯರು ಶಾಲೆಗೆ ಬಂದು ಗಲಾಟೆ ಮಾಡಿದರು. ಒಬ್ಬರು ಮಗಳನ್ನು ಬಿಡಿಸಿ ಹಳೇಕೋಟೆಗೆ ಸೇರಿಸಿದರು, ಅವಳ ಟಿ.ಸಿ.ಯನ್ನು ಪಟ್ಟಾಭಿರಾಮರು ಅದೇ ದಿನ ಬರೆದುಕೊಟ್ಟರು. ಲೆಕ್ಕ ಇಪ್ಪತ್ತೊಂದು ಹುಡುಗಿಯರಿಗೆ ಇಳಿಯಿತು. ಪ್ರತಿ ವಾರ ಒಬ್ಬಳು ಒಂಟಿಯಾಗಬೇಕಾಯಿತು. ಒಂಟಿಯಾದವಳು ಮೇಷ್ಟ್ರ ಮೇಜಿನ ಹತ್ತಿರ ಕೂತು ಪ್ರಯೋಗ ಮಾಡಿ ತೋರಿಸುವುದೆಂದು ನಿಯಮ ಮಾಡಿದರು. ಆ ಸರದಿಗಾಗಿ ಮಕ್ಕಳು ಕಾಯತೊಡಗಿದರು.

ಜನವರಿಯಲ್ಲಿ ಒಂದು ದಿನ ಸುವರ್ಣ ಮತ್ತು ರೂಪಶ್ರೀ ಇಬ್ಬರೂ ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತರು. ಆ ವಾರ ಅವರು ಜೋಡಿ.

"ಆ ಅಣ್ಣನ್ನ ಇನ್ನೂ ಹುಡುಕ್ತೀರಾ ಸಾ?"

"ರಜೆಯಲ್ಲಿ ಹೋಗುತ್ತೇನೆ."

"ನೀವೊಬ್ರೇ ಎಷ್ಟ್ ಊರ್ಗೆ ಓಯ್ತೀರಾ? ನಮ್ ಕ್ಲಾಸಲ್ಲಿ ನಲವತ್ತೈದ್ ಜನ ಇದೀವಿ. ಎಲ್ರಿಗೂ ನೆಂಟ್ರವ್ರೆ. ಅವ್ರಪ್ಪನ್ ಹೆಸ್ರು, ಊರು, ಎಲ್ಲಾ ಹೇಳಿ. ಬರ್ಕತೀವಿ."

ಅವರು ಹೇಳಿದರು. ಎಡಗೈಯ ಕಿರುಬೆರಳಿನ ಮೇಲೆ ಸುಟ್ಟ ಗಾಯದ ಗುರುತಿದೆ, ಪ್ರಯೋಗದ ಮೇಣ ಬಿದ್ದದ್ದು, ಎಂಬುದನ್ನೂ ಹೇಳಿದರು. ಈಗ ಇಪ್ಪತ್ತಮೂರು ವರ್ಷ ಆಗಿರಬೇಕು. ಇಬ್ಬರೂ ಬರೆದುಕೊಂಡರು.

ಸಂಕ್ರಾಂತಿಗೆ ನೆಂಟರ ಮನೆಗಳಿಗೆ ಹೋಗಿಬಂದ ಮಕ್ಕಳು ಸುದ್ದಿ ತಂದರು. ದೊಡ್ಡಗದ್ದವಳ್ಳಿಯ ಹತ್ತಿರ ಒಬ್ಬ ಮುರಳಿ ಟ್ರ್ಯಾಕ್ಟರ್ ಓಡಿಸುತ್ತಾನೆ, ಆದರೆ ಅವನಿಗೆ ನಲವತ್ತು ವರ್ಷ. ಚನ್ನರಾಯಪಟ್ಟಣದ ಹೋಟೆಲಿನಲ್ಲಿ ಒಬ್ಬನಿದ್ದಾನೆ, ಅವನ ತಾಯಿ ಜೊತೆಯಲ್ಲೇ ಇದ್ದಾಳೆ. ಅರಕಲಗೂಡಿನ ಸಂತೆಯಲ್ಲಿ ಒಬ್ಬ ದ್ಯಾವಯ್ಯ ಹಗ್ಗ ಮಾರುತ್ತಾನೆ, ಅವನಿಗೆ ಮಕ್ಕಳೇ ಇಲ್ಲ. ನಿಂಬೆಹಣ್ಣಿನ ಹುಡುಗ ಗೊರೂರಿನವರೆಗೆ ಹೋಗಿ, ಯಾರನ್ನು ಕೇಳಿದರೂ ಗೊತ್ತಿಲ್ಲ ಎಂದರೆಂದು ತಲೆ ತಗ್ಗಿಸಿ ಹೇಳಿದ. ಪಟ್ಟಾಭಿರಾಮರು ಒಂದೊಂದನ್ನೂ ನೋಟ್‌ಬುಕ್ಕಿನಲ್ಲಿ, ತಂದವರ ಹೆಸರಿನ ಸಮೇತ ಬರೆದುಕೊಂಡರು. ಒಟ್ಟು ಹನ್ನೊಂದು ಊರು. ಯಾವುದೂ ಮುರಳೀಕೃಷ್ಣನದಲ್ಲ.

"ಯುಗಾದಿಗೆ ನಮ್ಮ ಮಾವನ ಊರ್ಗೆ ಓಯ್ತೀನಿ ಸಾ, ನಾಲೆ ಪಕ್ಕಾನೇ" ಅಂದ ಹಿಂದಿನ ಸಾಲಿನ ಒಬ್ಬ. "ಅಲ್ಲಿ ಕೇಳ್ತೀನಿ."

"ಕೇಳು" ಅಂದರು ಪಟ್ಟಾಭಿರಾಮರು.